ಲೈನ್ ಲಾರಿಯೋ, ಕಂಪನಿ ಗಾಡಿಯೋ, ಲೋಕಲ್ಲೋ? ಹೊಸ ಡ್ರೈವರ್ ಹಾಕಬೇಕಾದ ಲೆಕ್ಕ

ಶಿರಾದಲ್ಲಿರುವ ನಮ್ಮಕ್ಕನ ಮಗನಿಗೆ 21 ತುಂಬಿದೆ. ಕಾರಿನ ಲೈಸೆನ್ಸ್ ಮಾಡಿಸಿ ಎರಡು ವರ್ಷವಾಯಿತು. ಹೋದ ತಿಂಗಳು ಮನೆಗೆ ಬಂದವನು ಮೂರು ಕಡೆ ಕೆಲಸಕ್ಕೆ ಕರೆದಿದ್ದಾರೆ ಅಂದ. ಒಬ್ಬರು ಲೈನ್ ಲಾರಿ ಮಾಲೀಕರು, ಅಂದರೆ ದೂರದ ಊರುಗಳಿಗೆ ಬಾಡಿಗೆ ಹೋಗುವ ಲಾರಿ ಇಟ್ಟುಕೊಂಡವರು. ಮೊದಲು ಕ್ಲೀನರ್ ಆಗಿ ಬಾ, ಹೆವಿ ಲೈಸೆನ್ಸ್ ಆದಮೇಲೆ ಸ್ಟೇರಿಂಗ್ ಕೊಡ್ತೀನಿ ಅಂದಿದ್ದಾರೆ. ಇನ್ನೊಂದು ನೂರಾರು ಗಾಡಿ ಇರುವ ಟ್ರಾನ್ಸ್‌ಪೋರ್ಟ್ ಕಂಪನಿ. ಮೂರನೆಯದು ತುಮಕೂರಿನಲ್ಲಿ ಅಂಗಡಿಗಳಿಗೆ ದಿನಸಿ ಹಾಕುವ ಪಿಕಪ್ ಗಾಡಿ.

"ಮಾವ, ಲೈನ್‌ನಲ್ಲಿ ತಿಂಗಳಿಗೆ 33 ಸಾವಿರ ಸಿಗುತ್ತಂತೆ. ಕಂಪನೀಲಿ 24. ಲೋಕಲ್‌ನಲ್ಲಿ 18. ಇದ್ರಲ್ಲಿ ಯೋಚನೆ ಮಾಡೋಕೇನಿದೆ?"

ನಾನು 22 ವರ್ಷ ಲೈನ್ ಮೇಲೆ ಇದ್ದವನು. ಹೋದ ವರ್ಷ ಬಿಟ್ಟೆ. ಈಗ ದಾಬಸ್‌ಪೇಟೆ ಹತ್ತಿರದ ಒಂದು ಗೋಡೌನ್‌ನಲ್ಲಿ ಗಾಡಿಗಳ ಸೂಪರ್‌ವೈಸರ್. ದಿನಕ್ಕೆ ಮೂವತ್ತು ನಲವತ್ತು ಡ್ರೈವರ್‌ಗಳ ಮುಖ ನೋಡುತ್ತೇನೆ. ಅವನ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳದೆ, ಒಳಗೆ ಹೋಗಿ ಹಳೆಯ ಪಾಕೆಟ್ ಬುಕ್ ತಂದು ಅವನ ಮುಂದೆ ಇಟ್ಟೆ. ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುವ ಹುಡುಗರು ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ತಿಂಗಳ ಸಂಬಳ ಬಿಡಿ, ಗಂಟೆಗೆ ಎಷ್ಟು ಬಿತ್ತು ನೋಡಿ

ಆ ಪುಸ್ತಕದಲ್ಲಿ ನನ್ನ ಕೊನೆಯ ಬಾಂಬೆ ಟ್ರಿಪ್ ಇದೆ. ನೆಲಮಂಗಲದಿಂದ ಭಿವಂಡಿಗೆ ಹತ್ತಿರ ಹತ್ತಿರ 1,000 ಕಿಲೋಮೀಟರ್. ಹತ್ತು ಚಕ್ರದ ಗಾಡಿ, ಕ್ಲೀನರ್ ಇಲ್ಲ, ನಾನೊಬ್ಬನೇ.

ಸೋಮವಾರ ಬೆಳಿಗ್ಗೆ 10ಕ್ಕೆ ಗೋಡೌನ್ ಮುಂದೆ ಗಾಡಿ ಹಚ್ಚಿದೆ. ಲೋಡ್ ಆಗಿ, ತಾಡಪಾಲು ಎಳೆದು, ಹಗ್ಗ ಬಿಗಿದು ಹೊರಟಾಗ ರಾತ್ರಿ 8. ಬುಧವಾರ ಬೆಳಿಗ್ಗೆ 11ಕ್ಕೆ ಭಿವಂಡಿ ಮುಟ್ಟಿದೆ. ಅಲ್ಲಿ ಗಾಡಿ ಖಾಲಿಯಾಗಿದ್ದು ಗುರುವಾರ ರಾತ್ರಿ 11ಕ್ಕೆ. ರಿಟರ್ನ್ ಲೋಡ್ ಸಿಕ್ಕಿ ಹೊರಟಿದ್ದು ಶನಿವಾರ ಸಂಜೆ 7ಕ್ಕೆ. ಮತ್ತೆ ಸೋಮವಾರ ಮಧ್ಯಾಹ್ನ 12ಕ್ಕೆ ನೆಲಮಂಗಲ. ಅನ್‌ಲೋಡ್ ಮುಗಿದಾಗ ರಾತ್ರಿ 10.

ಒಟ್ಟು ಏಳೂವರೆ ದಿನ. ಅದರಲ್ಲಿ ಸ್ಟೇರಿಂಗ್ ಹಿಡಿದದ್ದು ಹೋಗಿ ಬಂದು 52 ಗಂಟೆ. ಕಾದದ್ದು 100 ಗಂಟೆ! ಬಾಡಿಗೆಯಲ್ಲಿ ನನ್ನ ಪಾಲು 11,000 ರೂಪಾಯಿ.

ಈಗ ಭಾಗಿಸಿ ನೋಡಿ. ಓಡಿಸಿದ 52 ಗಂಟೆಗಷ್ಟೇ ಹಂಚಿದರೆ ಗಂಟೆಗೆ 211 ರೂಪಾಯಿ. ಕೇಳೋಕೆ ಎಷ್ಟು ಚೆನ್ನಾಗಿದೆ, ಅಲ್ವಾ? ಆದರೆ ಕಾಯುವಾಗ ನಾನು ಮನೆಯಲ್ಲಿ ಮಲಗಿರಲಿಲ್ಲ. ಗಾಡಿ ಪಕ್ಕದಲ್ಲೇ ಇದ್ದೆ. ಗಾಡಿ ಬಿಟ್ಟು ಕದಲಿದರೆ ಡೀಸೆಲ್ ಹೋಗುತ್ತೆ, ಇಲ್ಲಾ ಸರತಿ ಹೋಗುತ್ತೆ. ಆ 100 ಗಂಟೆಯಲ್ಲಿ ಮಲಗಿದ್ದನ್ನು ಕಳೆದು 70 ಅಂತ ಹಿಡಿದರೂ ದುಡಿಮೆ 122 ಗಂಟೆ. ಊಟ, ಸ್ನಾನ, ಟೀ ಅಂತ ದಿನಕ್ಕೆ 300ರಂತೆ ಎಂಟು ದಿನಕ್ಕೆ 2,400 ಹೋಯಿತು. ಉಳಿದ 8,600ನ್ನು 122ಕ್ಕೆ ಹಂಚಿದರೆ ಗಂಟೆಗೆ 70 ರೂಪಾಯಿ.

ತುಮಕೂರಿನ ಪಿಕಪ್ಪಿಗೆ 18,000. ತಿಂಗಳಿಗೆ 26 ದಿನ, ದಿನಕ್ಕೆ 10 ಗಂಟೆ ಅಂದರೆ 260 ಗಂಟೆ. ಗಂಟೆಗೆ 69 ರೂಪಾಯಿ. ಬುತ್ತಿ ಮನೆಯದು, ರಾತ್ರಿ ನಿದ್ದೆ ಮನೆಯಲ್ಲಿ.

ಹುಡುಗ ಎರಡು ಸಲ ಮೊಬೈಲ್‌ನಲ್ಲಿ ಲೆಕ್ಕ ಹಾಕಿ ನೋಡಿದ. 33 ಸಾವಿರಕ್ಕೂ 18 ಸಾವಿರಕ್ಕೂ ಗಂಟೆಯ ಕೂಲಿ ಒಂದೇ. ಲೈನ್‌ನವನಿಗೆ ಜಾಸ್ತಿ ಸಿಗುವುದು ಜಾಸ್ತಿ ಗಂಟೆ ದುಡಿಯುವುದರಿಂದ. ತಿಂಗಳಿಗೆ ಮೂರು ಟ್ರಿಪ್ ಹೊಡೆದರೆ 22 ದಿನ ಅವನು ಹೊರಗೇ.

ಕಂಪನಿಯ 24,000ವನ್ನು ಅದೇ 260 ಗಂಟೆಗೆ ಹಂಚಿದರೆ 92 ಬರುತ್ತದೆ. ಆದರೆ ಅಲ್ಲೂ ದಿನಕ್ಕೆ ನಿಜವಾಗಿ ಎಷ್ಟು ಗಂಟೆ ಅಂತ ಗೇಟಿನಲ್ಲಿ ನಿಂತು ಅಲ್ಲಿನ ಡ್ರೈವರ್‌ಗಳನ್ನೇ ಕೇಳಬೇಕು. ಆಫೀಸಿನವರನ್ನು ಕೇಳಿದರೆ 10 ಅಂತಲೇ ಹೇಳುತ್ತಾರೆ.

ಕಾನೂನು ಹೇಳುವ ಗಂಟೆ, ರಸ್ತೆ ಹೇಳುವ ಗಂಟೆ

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆದಿತ್ತು. ದೂರದ ರೂಟ್ ಆದರೆ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54ರವರೆಗೆ. 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ. ವಾರಕ್ಕೊಂದು ರಜೆ. ಮೀರಿದ ಗಂಟೆಗೆ ಎರಡು ಪಟ್ಟು ಕೂಲಿ. ಈ ಕಾಯ್ದೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಯಿತು. 8 ಗಂಟೆ, ಓವರ್‌ಟೈಮ್‌ಗೆ ಎರಡು ಪಟ್ಟು ಅನ್ನುವುದು ಹೊಸದರಲ್ಲೂ ಇದೆ.

ಒಂದೇ ಲಾರಿ ಇಟ್ಟುಕೊಂಡ ಮಾಲೀಕನಿಗೆ ಇದು ತಟ್ಟುವುದಿಲ್ಲ. ಹಳೆಯ ಕಾಯ್ದೆಯೂ ಐದು ಜನಕ್ಕಿಂತ ಕಡಿಮೆ ಇದ್ದ ಕಡೆ ಅನ್ವಯಿಸುತ್ತಿರಲಿಲ್ಲ. ನಮ್ಮ ಲೈನ್ ಲಾರಿಗಳಲ್ಲಿ ದೊಡ್ಡ ಪಾಲು ಒಂದೆರಡು ಗಾಡಿ ಇರುವವರದ್ದೇ. ಹಾಗಾಗಿ ಗಂಟೆಯ ವಿಷಯದಲ್ಲಿ ಲೈನ್ ಡ್ರೈವರ್‌ಗೆ ಅವನೇ ದಿಕ್ಕು.

ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಾತ್ರ. ಟಾಕೋಗ್ರಾಫ್ ಅನ್ನುವ ಯಂತ್ರ ಅದನ್ನು ಬರೆದಿಡುತ್ತದೆ. ಅಮೆರಿಕದಲ್ಲಿ 11 ಗಂಟೆ ಓಡಿಸಬಹುದು, ಆದರೆ ಅದಕ್ಕೆ ಮುಂಚೆ 10 ಗಂಟೆ ವಿರಾಮ ಆಗಿರಬೇಕು. ಅಲ್ಲಿ ಓಡಿಸುವವರೂ ನಮ್ಮ ಹಾಗೇ ಮನುಷ್ಯರು, ನಿದ್ದೆಯೂ ಒಂದೇ. ನಮ್ಮಲ್ಲಿ ಆ ಯಂತ್ರ ಇಲ್ಲದಿದ್ದರೆ ಪಾಕೆಟ್ ಬುಕ್ಕಿನಲ್ಲಿ ನೀವೇ ಬರೆಯಿರಿ.

ನಾನು ಅದನ್ನು ಬರೆಯಲು ಶುರು ಮಾಡಿದ್ದು ಒಂದು ರಾತ್ರಿಯ ನಂತರ. ಹಿರಿಯೂರು ದಾಟಿ ಶಿರಾ ಕಡೆ ಬರುತ್ತಿದ್ದೆ, ಬೆಳಗಿನ ಜಾವ 4 ಗಂಟೆ. ಕಣ್ಣು ಬಿಟ್ಟೇ ಇತ್ತು, ಆದರೆ ರಸ್ತೆ ಕಾಣುತ್ತಿರಲಿಲ್ಲ. ಎಡಗಡೆಯ ಚಕ್ರ ಮಣ್ಣಿಗೆ ಇಳಿದು ಗಡಗಡ ಅಂದಾಗ ಎಚ್ಚರವಾಯಿತು. ಮುಂದೆ ಹತ್ತು ಮಾರಿನಲ್ಲಿ ಒಂದು ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು, ಅದರ ಹಿಂದೆ ಕಲ್ಲು ಇಡುತ್ತಾ ಒಬ್ಬ ಅಜ್ಜ. ಗಾಡಿ ನಿಲ್ಲಿಸಿ ಇಳಿದೆ, ಕಾಲು ನಿಲ್ಲಲಿಲ್ಲ. ಅವತ್ತು ಸಂಜೆಯಿಂದ ಮಾಲೀಕರು ಆರು ಸಲ ಫೋನ್ ಮಾಡಿದ್ದರು, ಬೆಳಿಗ್ಗೆಯೊಳಗೆ ಗಾಡಿ ಮುಟ್ಟಬೇಕು ಅಂತ. ಅವರ ತಪ್ಪು ಎಷ್ಟು, ನನ್ನದೆಷ್ಟು ಅಂತ ಇವತ್ತಿಗೂ ಯೋಚಿಸುತ್ತೇನೆ. ಆ ಅಜ್ಜನ ಮುಖ ಮಾತ್ರ ಮರೆತಿಲ್ಲ.

ಇದೇ ಜಾಗದಲ್ಲಿ ಒಂದು ಮಾತು. "ಇ-ವೇ ಬಿಲ್ ಮುಗಿಯುತ್ತೆ, ನಿಲ್ಲಿಸಬೇಡ" ಅಂತ ಹೆದರಿಸುವವರು ಇದ್ದಾರೆ. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಕಾಗದ ಅದು, ಅದಕ್ಕೊಂದು ಅವಧಿ ಇರುತ್ತದೆ. 2021ರಿಂದ 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕ. 1,000 ಕಿಲೋಮೀಟರ್‌ಗೆ ಐದು ದಿನ ಸಿಗುತ್ತದೆ. ಅವಧಿ ಮುಗಿಯುವುದಕ್ಕೆ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯವರೆಗೆ ವಿಸ್ತರಿಸಲೂಬಹುದು. ಬಿಲ್ಲಿಗೋಸ್ಕರ ನಿದ್ದೆ ಬಿಡಬೇಡಿ.

ಲೈನ್ ಲಾರಿ: ಸಂಬಳ ಯಾವ ರೀತಿ ಅನ್ನೋದೇ ಮುಖ್ಯ

ಲೈನ್‌ನಲ್ಲಿ ದುಡ್ಡು ನಾಲ್ಕು ರೀತಿಯಲ್ಲಿ ಬರುತ್ತದೆ. ತಿಂಗಳ ಸಂಬಳ ಮತ್ತು ದಿನದ ಬಾಟಾ, ಅಂದರೆ ದಿನದ ಖರ್ಚಿನ ಭತ್ಯೆ. ಟ್ರಿಪ್‌ಗೆ ಇಷ್ಟು ಅಂತ. ಬಾಡಿಗೆಯಲ್ಲಿ ಪರ್ಸೆಂಟ್. ಇನ್ನೊಂದು, ಡೀಸೆಲ್ಲು, ಟೋಲು, ದಾರಿ ಖರ್ಚು ಎಲ್ಲಕ್ಕೂ ಸೇರಿಸಿ ಒಂದು ಮೊತ್ತ ಕೊಟ್ಟು, ಉಳಿದದ್ದು ನಿನ್ನದು ಅನ್ನುವುದು.

ಕೊನೆಯದನ್ನು ಹೊಸಬರು ಒಪ್ಪಲೇಬೇಡಿ. ಉಳಿಸುವ ಆಸೆಗೆ ಊಟ ಬಿಡುತ್ತೀರಿ, ಟೋಲ್ ತಪ್ಪಿಸಲು ಹಳ್ಳಿ ರಸ್ತೆಗೆ ಇಳಿಯುತ್ತೀರಿ. ಟೈರ್ ಸಿಡಿದರೆ ಆ ಖರ್ಚು ಯಾರದ್ದು ಅಂತ ಜಗಳ ಬೇರೆ. ಟ್ರಿಪ್ ಲೆಕ್ಕದಲ್ಲೂ ಪರ್ಸೆಂಟ್ ಲೆಕ್ಕದಲ್ಲೂ ಕಾಯುವ ಗಂಟೆ ಡ್ರೈವರ್ ತಲೆ ಮೇಲೆ ಬೀಳುತ್ತದೆ. ಅದಕ್ಕೇ ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: ಗಾಡಿ ಕಾದು ನಿಂತರೆ ಎರಡನೇ ದಿನದಿಂದ ಹಾಲ್ಟಿಂಗ್ ಬಾಟಾ ಎಷ್ಟು? ಲೋಡ್ ಕೊಟ್ಟ ಪಾರ್ಟಿಯಿಂದ ಮಾಲೀಕರು ಹಾಲ್ಟಿಂಗ್ ವಸೂಲಿ ಮಾಡುತ್ತಾರೆ. ಅದರಲ್ಲಿ ಡ್ರೈವರ್‌ಗೂ ಪಾಲು ಬೇಕು. ಈ ಮಾತಿಗೆ ಮುಖ ಗಂಟಿಕ್ಕುವ ಮಾಲೀಕರ ಹತ್ತಿರ ಕೆಲಸ ಬೇಡ.

ಓವರ್‌ಲೋಡ್ ಬಗ್ಗೆಯೂ ಮೊದಲೇ ಮಾತಾಡಿ. 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿದ ಪ್ರತಿ ಟನ್ನಿಗೆ 2,000. ದಂಡಕ್ಕಿಂತ ದೊಡ್ಡ ಅಪಾಯ ಘಾಟಿನಲ್ಲಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಲೈನ್‌ನ ಒಳ್ಳೆಯದನ್ನೂ ಹೇಳಬೇಕು. ನಾನು ಗುಜರಾತಿನ ಉಪ್ಪಿನ ಗದ್ದೆ ನೋಡಿದ್ದು, ನಾಲ್ಕು ಭಾಷೆ ಕಲಿತದ್ದು, ಯಾವ ಊರಲ್ಲಿ ಕೆಟ್ಟು ನಿಂತರೂ ಇಂಥವರಿಗೆ ಫೋನ್ ಮಾಡಬಹುದು ಅನ್ನುವ ಧೈರ್ಯ ಬಂದದ್ದು ಎಲ್ಲ ಲೈನ್‌ನಿಂದಲೇ. ಮನೆ ಕಟ್ಟಿದ್ದೂ ಆ ದುಡ್ಡಿನಲ್ಲೇ. ಆದರೆ ಮಗಳು ನಡೆಯಲು ಕಲಿತಾಗ ನಾನು ಔರಂಗಾಬಾದಿನಲ್ಲಿ ಟೈರ್ ಬದಲಾಯಿಸುತ್ತಿದ್ದೆ.

ಕಂಪನಿ ಗಾಡಿ

ಸಂಬಳ ಬ್ಯಾಂಕಿಗೆ ಬರುತ್ತದೆ, ತಾರೀಕು ತಪ್ಪುವುದಿಲ್ಲ. 20 ಜನ ಇರುವ ಕಡೆ ಪಿಎಫ್ ಕಟ್ಟಲೇಬೇಕು. ಕಾರ್ಮಿಕರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್‌ಐ ವಿಮೆ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಸಂಬಳ 21,000 ದಾಟಿದರೆ ಇಎಸ್‌ಐ ಇಲ್ಲ. ಅಂದರೆ 24,000 ಸಂಬಳದವನು ಕೈ ಮುರಿದುಕೊಂಡರೆ ಆಸ್ಪತ್ರೆ ಖರ್ಚು ಯಾರದ್ದು? ಕಂಪನಿ ಬೇರೆ ಪಾಲಿಸಿ ಮಾಡಿಸಿದೆಯಾ ಅಂತ ಕೇಳಿ, ಅದರ ಕಾಗದ ನೋಡಿ.

ಕಷ್ಟಗಳೂ ಇವೆ. ಜಿಪಿಎಸ್ ಇರುತ್ತದೆ, ಕೆಲವು ಕಡೆ ಕ್ಯಾಬಿನ್‌ನಲ್ಲೇ ಕ್ಯಾಮೆರಾ. ತಡವಾದರೆ, ಡೀಸೆಲ್ ಮೈಲೇಜ್ ಕಡಿಮೆ ಬಂದರೆ, ಸಾಮಾನು ಶಾರ್ಟೇಜ್ ಆದರೆ ಸಂಬಳದಲ್ಲಿ ಹಿಡಿಯುತ್ತಾರೆ. ಯಾವುದಕ್ಕೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಎಣಿಸಿ ತುಂಬಿಕೊಳ್ಳಲು ಬಿಡದೆ ಸೀಲ್ ಹಾಕಿ ಕಳಿಸಿದ ಕಂಟೇನರ್‌ನ ಶಾರ್ಟೇಜ್ ಡ್ರೈವರ್‌ದಲ್ಲ. ಇದನ್ನು ಗಟ್ಟಿಯಾಗಿ ಹೇಳಿ.

ಕಂಪನಿ ಗಾಡಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ರಿಲೇ ಪದ್ಧತಿ. 2014ರಲ್ಲಿ ಶುರುವಾದ ರಿವಿಗೋ ಅನ್ನುವ ಕಂಪನಿ ಇದನ್ನು ನಮ್ಮ ದೇಶದಲ್ಲಿ ದೊಡ್ಡದಾಗಿ ಮಾಡಿತು. ಒಬ್ಬ ಡ್ರೈವರ್ ನಾಲ್ಕೈದು ಗಂಟೆ ಓಡಿಸಿ ಗಾಡಿಯನ್ನು ಇನ್ನೊಬ್ಬನ ಕೈಗೆ ಕೊಡುತ್ತಾನೆ, ಎದುರು ದಿಕ್ಕಿನ ಗಾಡಿ ಹಿಡಿದು ಊರಿಗೆ ವಾಪಸ್. ಗಾಡಿ ನಿಲ್ಲುವುದಿಲ್ಲ, ಮನುಷ್ಯ ಮನೆಗೆ ಬರುತ್ತಾನೆ. ಯಾವ ಕಂಪನಿಯಲ್ಲಾದರೂ ಇಂಥ ರೂಟ್ ಸಿಕ್ಕರೆ ಎರಡು ಸಾವಿರ ಕಡಿಮೆಯಾದರೂ ಹಿಡಿಯಿರಿ.

ಗಾಡಿ ಹೊಸದೋ ಹಳೆಯದೋ ಅದನ್ನೂ ನೋಡಿ. 2025ರಲ್ಲಿ ಜಾರಿಗೆ ಬಂದ ನಿಯಮದಿಂದ ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಏಪ್ರಿಲ್‌ನಲ್ಲಿ ಬಳ್ಳಾರಿ ದಾರಿಯಲ್ಲಿ ಎಂಜಿನ್ ಕಾವಿನ ಪಕ್ಕ ಕೂತವರಿಗೆ ಇದರ ಬೆಲೆ ಗೊತ್ತು.

ಟಿಪ್ಪರ್, ಟ್ಯಾಂಕರ್, ಗಲ್ಫ್

ಸಂಡೂರು, ಹೊಸಪೇಟೆ ಕಡೆ ಅದಿರಿನ ಟಿಪ್ಪರ್, ಬೆಂಗಳೂರಿನ ಸುತ್ತ ಜಲ್ಲಿ, ಎಂ-ಸ್ಯಾಂಡ್. ಟ್ರಿಪ್ ಲೆಕ್ಕದ ಕೂಲಿ ಇದ್ದರೆ ಹೊಸಬರು ಹೋಗಬೇಡಿ ಅಂತ ನೇರವಾಗಿ ಹೇಳುತ್ತೇನೆ. ಇನ್ನೊಂದು ಟ್ರಿಪ್ ಅನ್ನುವ ಆತುರ ಕಾಲನ್ನು ಆಕ್ಸಿಲರೇಟರ್ ಮೇಲೆ ಇಡಿಸುತ್ತದೆ, ಅದೂ ಊರೊಳಗಿನ ರಸ್ತೆಯಲ್ಲಿ.

ಗ್ಯಾಸ್, ಪೆಟ್ರೋಲ್ ಟ್ಯಾಂಕರ್‌ಗೆ ಸಂಬಳ ಒಂದು ಕೈ ಮೇಲೆ. ಅಪಾಯಕಾರಿ ಸರಕು ಸಾಗಿಸಲು ಮೂರು ದಿನದ ಬೇರೆ ತರಬೇತಿ ಬೇಕು. ಲೈಸೆನ್ಸ್ 3 ವರ್ಷಕ್ಕೆ, ರಿನ್ಯೂವಲ್‌ಗೆ ಮತ್ತೆ ಒಂದು ದಿನದ ತರಗತಿ. ಮಂಗಳೂರಿನಿಂದ ಶಿರಾಡಿ ಹತ್ತುವ ಬುಲೆಟ್ ಟ್ಯಾಂಕರ್‌ಗಳನ್ನು ನೋಡಿದ್ದೀರಲ್ಲ. 2013ರಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾಗಿ ಬೆಂಕಿ ಹತ್ತಿದ್ದು ಆ ರಸ್ತೆಯವರ ಮನಸ್ಸಿನಿಂದ ಹೋಗಿಲ್ಲ. ಐದು ವರ್ಷ ಹೆವಿ ಓಡಿಸಿದ ಮೇಲೆ ಯೋಚಿಸಿ.

ಗಲ್ಫ್‌ಗೆ ಹೋಗುವವರು ಕರಾವಳಿ ಕಡೆ ಜಾಸ್ತಿ. ಸೌದಿಯಲ್ಲೂ ಎಮಿರೇಟ್ಸ್‌ನಲ್ಲೂ ಕಾನೂನಿನ ವಾರ 48 ಗಂಟೆ. ಎಸ್ಸೆಸ್ಸೆಲ್ಸಿ ಪಾಸಾಗದವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾಗುತ್ತದೆ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಒಂದೂವರೆ ಲಕ್ಷ ಕೇಳುವವನ ಮುಂದೆ ಕುರ್ಚಿಯಿಂದ ಎದ್ದು ಬನ್ನಿ.

ಕಲಿಯೋದು ಎಲ್ಲಿ?

ಇದಕ್ಕೇ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು. ಮೊದಲ ಎರಡು ವರ್ಷ ಸಂಬಳ ನೋಡಬೇಡಿ, ಪಕ್ಕದಲ್ಲಿ ಕೂರುವವರು ಯಾರು ಅಂತ ನೋಡಿ.

ಲೈಸೆನ್ಸಿನ ಮೆಟ್ಟಿಲು ಹೀಗಿದೆ. 18ಕ್ಕೆ ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ಗಾಡಿಯ ಲೈಸೆನ್ಸ್. ಅದಾಗಿ ಒಂದು ವರ್ಷವಾದ ಮೇಲೆ, 20 ವಯಸ್ಸು ತುಂಬಿದ್ದರೆ, ಹೆವಿಗೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್. ಎಂಟನೇ ಕ್ಲಾಸ್ ಓದಿರಬೇಕು ಅನ್ನುವ ನಿಯಮವನ್ನು 2019ರಲ್ಲಿ ತೆಗೆದರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, 7,500 ಕೆಜಿಯೊಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕು. ಹಾಗಾಗಿ ನಮ್ಮ ಹುಡುಗ ಇವತ್ತೇ ಪಿಕಪ್ ಓಡಿಸಬಹುದು.

ಸರ್ಕಾರದ ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಹೆವಿ ಕೋರ್ಸ್ 6 ವಾರ, 38 ಗಂಟೆ. ಮುಗಿಸಿದರೆ ಆರ್‌ಟಿಒದಲ್ಲಿ ಮತ್ತೆ ಡ್ರೈವಿಂಗ್ ಟೆಸ್ಟ್ ಇಲ್ಲ. ಚೆನ್ನಾಗಿ ಕಲಿಸುತ್ತಾರೆ, ಬೇಡ ಅನ್ನುವುದಿಲ್ಲ. ಆದರೆ 38 ಗಂಟೆ ಅಂದರೆ ಒಂದು ಬಾಂಬೆ ಟ್ರಿಪ್ಪಿನ ಸ್ಟೇರಿಂಗ್ ಗಂಟೆಗಿಂತ ಕಡಿಮೆ. ಅಲ್ಲಿಂದ ಹೊರಬಂದವನಿಗೆ 28 ಟನ್ನಿನ ಗಾಡಿ ಕೊಟ್ಟು ಒಬ್ಬನನ್ನೇ ಕಳಿಸುವುದು ಅನ್ಯಾಯ.

ನಾವು ಕಲಿತದ್ದು ಕ್ಲೀನರ್ ಆಗಿ. ನನ್ನ ಗುರು ಒಬ್ಬರು ಹಿರಿಯ ಡ್ರೈವರ್, ಎಲ್ಲರೂ ಅಣ್ಣ ಅನ್ನುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಕೈಗೆ ಕಬ್ಬಿಣದ ರಾಡ್ ಕೊಡೋರು. ಹತ್ತು ಟೈರಿಗೂ ಒಂದೊಂದು ಏಟು. ಟಣ್ ಅಂದರೆ ಗಾಳಿ ಸರಿ, ದಪ್ ಅಂದರೆ ಇಳಿದಿದೆ. ಜೋಡಿ ಟೈರಿನ ಒಳಗಡೆಯದು ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ. ಬ್ರೇಕಿನ ಏರ್ ಪೂರ್ತಿ ಏರುವ ತನಕ ಗಾಡಿ ಕದಲಿಸಲು ಬಿಡುತ್ತಿರಲಿಲ್ಲ.

ಶಿರಾಡಿ ಇಳಿಯುವಾಗ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಹತ್ತೋವಾಗ ಯಾವ ಗೇರೋ, ಇಳಿಯೋವಾಗಲೂ ಅದೇ ಗೇರು. ಬ್ರೇಕ್ ಮೇಲೆ ಕಾಲಿಟ್ಟು ಇಳೀಬೇಡ." ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಲೈನರ್ ಹಿಡಿತ ಬಿಡುತ್ತದೆ. ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ, ಆಮೇಲೆ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಓವರ್‌ಲೋಡ್ ಇದ್ದರೆ ಇದು ಇನ್ನೂ ಬೇಗ ಆಗುತ್ತದೆ. ಘಾಟಿನ ಅಪಾಯ ಅಂದೆನಲ್ಲ, ಅದು ಇದೇ. ಎಂಜಿನ್ನಿನ ಹಿಡಿತದಲ್ಲೇ ಗಾಡಿ ಇಳಿಸಬೇಕು, ಎಕ್ಸಾಸ್ಟ್ ಬ್ರೇಕ್ ಇದ್ದರೆ ಅದನ್ನೂ ಹಾಕಿಕೊಳ್ಳಬೇಕು, ಕಾಲಿನ ಬ್ರೇಕು ಬೇಕಾದಾಗ ಮಾತ್ರ. ಇದನ್ನು ಗೋಡೆ ಮೇಲಿನ ಚಿತ್ರ ನೋಡಿ ಕಲಿಯೋಕಾಗಲ್ಲ.

ಈಗ ಹೆಚ್ಚಿನ ಗಾಡಿಗಳಲ್ಲಿ ಕ್ಲೀನರ್ ಇಲ್ಲ. ಆ ಕಲಿಕೆಯ ದಾರಿಯೇ ಮುಚ್ಚುತ್ತಾ ಬಂದಿದೆ. ಹಾಗಾಗಿ ಕಂಪನಿಗೆ ಸೇರುವಾಗ ಕೇಳಿ: ಲೈಸೆನ್ಸ್ ಆದಮೇಲೆ ಎಷ್ಟು ತಿಂಗಳು ಹಿರಿಯ ಡ್ರೈವರ್ ಜೊತೆ ಕಳಿಸುತ್ತೀರಿ? ಆಗ ಸಂಬಳ ಎಷ್ಟು? ಮೂರು ತಿಂಗಳಾದರೂ ಜೊತೆಗೆ ಕಳಿಸುವವರು ಒಳ್ಳೆಯವರು. ಲೈನ್ ಮಾಲೀಕರ ಹತ್ತಿರ ಹೋಗುವುದಾದರೆ ಮಾಲೀಕರನ್ನು ಬಿಡಿ, ಆ ಗಾಡಿಯ ಡ್ರೈವರನ್ನು ನೋಡಿ. ಕುಡಿಯುತ್ತಾರಾ, ಬೈಯುತ್ತಾರಾ, ಸ್ಟೇರಿಂಗ್ ಕೊಟ್ಟು ತಾಳ್ಮೆಯಿಂದ ಪಕ್ಕದಲ್ಲಿ ಕೂರುತ್ತಾರಾ?

ಸ್ವಂತ ಗಾಡಿ

ಇದು ಎಲ್ಲರ ಕನಸು. ಹತ್ತು ಚಕ್ರದ್ದು ಬಾಡಿ ಸೇರಿ 40 ಲಕ್ಷದ ಆಸುಪಾಸು. 35 ಲಕ್ಷ ಸಾಲ, ಐದು ವರ್ಷ, ಹತ್ತೂವರೆ ಪರ್ಸೆಂಟ್ ಬಡ್ಡಿ ಅಂದರೆ ತಿಂಗಳಿಗೆ 75 ಸಾವಿರ ಕಂತು. ಗಾಡಿ ಗೋಡೌನ್ ಮುಂದೆ 36 ಗಂಟೆ ನಿಂತರೂ ಕಂತು ನಿಲ್ಲುವುದಿಲ್ಲ. ಮೇಲೆ ಟೈರು, ಇನ್ಶೂರೆನ್ಸು, ಫಿಟ್ನೆಸ್ ಸರ್ಟಿಫಿಕೇಟು (ಎಫ್‌ಸಿ), ಪರ್ಮಿಟ್ಟು. ಕೈಯಲ್ಲಿ ಖಾಯಂ ಲೋಡ್ ಕೊಡುವ ಪಾರ್ಟಿ ಇಲ್ಲದೆ ಸಾಲದ ಕಾಗದಕ್ಕೆ ಸೈನ್ ಹಾಕಬೇಡಿ.

ಸೇರುವ ಮುಂಚೆ ಎರಡು ಕಾಗದ

ಎಲ್ಲಿ ಸೇರಿದರೂ ಗಾಡಿಯ ಇನ್ಶೂರೆನ್ಸ್ ಪಾಲಿಸಿ ತೆಗೆಸಿ ನೋಡಿ, ಡ್ರೈವರ್‌ಗೂ ಕ್ಲೀನರ್‌ಗೂ ಸೇರಿಸಿ ಕಟ್ಟಿದ್ದಾರಾ ಅಂತ. ಇನ್ನೊಂದು, ಕಾರ್ಮಿಕ ಇಲಾಖೆಯಲ್ಲಿ ಖಾಸಗಿ ವಾಣಿಜ್ಯ ಸಾರಿಗೆ ಕಾರ್ಮಿಕರ ಅಪಘಾತ ಪರಿಹಾರ ಯೋಜನೆ ಇದೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 5 ಲಕ್ಷ. ಲೈಸೆನ್ಸ್ ಕೈಗೆ ಬಂದ ವಾರವೇ ಹೋಗಿ ವಿಚಾರಿಸಿ ಹೆಸರು ಬರೆಸಿ. ನನ್ನ ಜೊತೆಯವರೊಬ್ಬರ ಮನೆಗೆ ಏನೂ ಸಿಗಲಿಲ್ಲ, ಯಾಕಂದರೆ ಹೀಗೊಂದು ಯೋಜನೆ ಇದೆ ಅಂತ ಅವರ ಹೆಂಡತಿಗೆ ಹೇಳುವವರೇ ಇರಲಿಲ್ಲ.

ನಮ್ಮ ಹುಡುಗ ಕೊನೆಗೆ ತುಮಕೂರಿನ ಪಿಕಪ್ಪಿಗೆ ಸೇರಿದ. ಆರು ತಿಂಗಳು ಅದನ್ನು ಓಡಿಸುತ್ತಾ ಹೆವಿ ಲೈಸೆನ್ಸ್ ಮಾಡಿಸಿಕೊಂಡು, ಆಮೇಲೆ ಕಂಪನಿಗೆ ಹೋಗುವ ಮಾತಾಗಿದೆ. ಅವರಮ್ಮನಿಗೆ ಲಾರಿಯೇ ಬೇಡ, ಸಾರಿಗೆ ನಿಗಮದ ಬಸ್ಸಿಗೆ ಅರ್ಜಿ ಹಾಕಲಿ ಅಂತ ಆಸೆ. ಅದು ಇನ್ನೂ ಮುಗಿದಿಲ್ಲ, ವಾರಕ್ಕೊಂದು ಸಲ ನನಗೆ ಫೋನ್ ಬರುತ್ತದೆ. ಸದ್ಯಕ್ಕೆ ಭಾನುವಾರ ಬೆಳಿಗ್ಗೆ ಆರಕ್ಕೆ ದಾಬಸ್‌ಪೇಟೆಗೆ ಬಾ ಅಂದಿದ್ದೇನೆ. ಯಾರ್ಡ್ ಖಾಲಿ ಇರುತ್ತದೆ. ಮೊದಲ ಪಾಠ ರಾಡ್ ಹಿಡಿದು ಟೈರ್ ತಟ್ಟುವುದು.